ಡ್ರಿಲ್ಲಕ್ಕನ ಟೊಮೆಟೊ ಕಾಕ್‌ಟೇಲ್

ಆ ಮನೆಗೆ ಬಂದ ಮೊದಲ ವಾರವೇ ದೊಡ್ಡಮ್ಮ ಕೇಳಿದ್ದಳು, ಪಕ್ಕದವರು ದಿನಾ ಸಂಜೆ ಇಷ್ಟೊಂದು ತರಕಾರಿ ಹೆಚ್ಚುತ್ತಾರಲ್ಲ, ಅವರ ಮನೆಯಲ್ಲಿ ಊಟಕ್ಕೆ ಎಷ್ಟು ಜನ ಕೂರುತ್ತಾರೆ ಎಂದು. ಕೆಲಸದಿಂದ ಬಂದು ಚಪ್ಪಲಿ ಕಳಚುತ್ತಿದ್ದ ಪುಟ್ಟಿ, ಅಡುಗೆಮನೆಯ ಗೋಡೆಯಾಚೆ ಮನೆಯೇ ಇಲ್ಲ, ಬರೀ ಗಾಳಿ ಎಂದಳು. ಉತ್ತರ ಬರಲಿಲ್ಲ. ತಲೆ ಎತ್ತಿ ನೋಡಿದರೆ ದೊಡ್ಡಮ್ಮನ ಕಿವಿ ಬರಿದಾಗಿತ್ತು. ಕಿವಿಯ ಯಂತ್ರಗಳೆರಡೂ ಮೇಜಿನ ಮೇಲೆ ತಮ್ಮ ಡಬ್ಬಿಯೊಳಗೆ ಬೆಚ್ಚಗೆ ಮಲಗಿದ್ದವು. ಅವಿಲ್ಲದೆ ದೊಡ್ಡಮ್ಮನಿಗೆ ಯಾರಾದರೂ ಬಾಗಿಲು ಒಡೆದು ಒಳಗೆ ಬಂದರೂ ಕೇಳಿಸುತ್ತಿರಲಿಲ್ಲ.

ಪುಟ್ಟಿ ಎಂದರೆ ಸಣ್ಣ ಹುಡುಗಿಯಲ್ಲ. ನಲವತ್ತು ದಾಟಿ, ಕೂದಲಿಗೆ ಬಣ್ಣ ಹಚ್ಚುವ ಗೋಜನ್ನೂ ಬಿಟ್ಟಾಗಿತ್ತು. ದೊಡ್ಡಮ್ಮನ ಬಾಯಲ್ಲಿ ಮಾತ್ರ ಇನ್ನೂ ಪುಟ್ಟಿ. ಕಿವಿಯ ಕ್ಲಿನಿಕ್ಕಿನಲ್ಲಿ ಜನರಿಗೆ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷೆ ಮಾಡುವುದು ಅವಳ ಕೆಲಸ. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಇಕ್ಕಟ್ಟು ಕೋಣೆಯಲ್ಲಿ ಬಂದವರನ್ನು ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಶಬ್ದ ಕೇಳಿದಾಗಲೆಲ್ಲ ಒತ್ತಿ ಎನ್ನುವಳು. ಗಾಜಿನ ಈಚೆ ಕೂತು ಶಬ್ದವನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಾಡುತ್ತ ಹೋಗುವಳು. ಶಬ್ದ ಪೂರ್ತಿ ನಿಂತ ಮೇಲೂ ಕೆಲವರು ಒತ್ತುತ್ತಲೇ ಇರುತ್ತಿದ್ದರು. ಅವರೇನೂ ಸುಳ್ಳುಗಾರರಲ್ಲ; ಕೇಳಿಸಲಿ ಎಂಬ ಆಸೆಗೆ ಕಿವಿಯೇ ಒಂದು ಶಬ್ದವನ್ನು ಹುಟ್ಟಿಸಿಕೊಡುತ್ತದೆ. ಹೀಗೆ ದಿನವಿಡೀ ಕಂಡವರ ಕಿವಿಯೊಳಗೆ ಬದುಕಿ ಮನೆ ಸೇರುವಷ್ಟರಲ್ಲಿ ಪುಟ್ಟಿಗೆ ಶಬ್ದವೂ ಸಾಕು, ಮಾತೂ ಸಾಕು ಎನಿಸಿರುತ್ತಿತ್ತು. ಹೂಂ, ಉಹೂಂ ಎಂಬ ಎರಡು ಮಾತಿನಲ್ಲಿ ಅವಳ ಸಂಜೆ ಮುಗಿಯುತ್ತಿತ್ತು.

ದೊಡ್ಡಮ್ಮ ಅದಕ್ಕೆ ತದ್ವಿರುದ್ಧ. ಪುಟ್ಟಿಯ ತಾಯಿಯ ಅಕ್ಕ ಅವಳು. ಮದುವೆಯಾಗದೆ ಬಟ್ಟೆ ಗಿರಣಿಯಲ್ಲಿ ದುಡಿದು ತಂಗಿಯ ಸಂಸಾರಕ್ಕೆ ಹೆಗಲು ಕೊಟ್ಟವಳು. ಗಿರಣಿ ಅವಳ ಕಿವಿಯನ್ನು ಒಂದಿಷ್ಟು ಒಂದಿಷ್ಟಾಗಿ ತಿಂದು ಮುಗಿಸಿತ್ತು. ತನಗೆ ಕೇಳಿಸದ ಸೇಡನ್ನು ಅವಳು ಬೇರೆಯವರ ಕಿವಿಯ ಮೇಲೆ ತೀರಿಸಿಕೊಳ್ಳುತ್ತಾಳೆ ಎಂದು ಪುಟ್ಟಿಯ ತಾಯಿ ಬದುಕಿದ್ದಾಗ ನಗುತ್ತಿದ್ದಳು. ಬೆಳಿಗ್ಗೆ ಎದ್ದರೆ ಮಾತು, ಮಲಗುವ ತನಕ ಮಾತು. ಸಂಜೆಯ ಹೊತ್ತಿಗೆ ಯಂತ್ರಗಳು ಕಿವಿ ನೋಯಿಸುತ್ತವೆಂದು ತೆಗೆದಿಟ್ಟು, ಎದುರಿನವರ ತುಟಿ ನೋಡುತ್ತ ಅರ್ಧ ಹಿಡಿದು, ಉಳಿದರ್ಧ ತಾನೇ ಸೇರಿಸಿಕೊಂಡು ಮಾತು ಮುಂದುವರಿಸುವಳು.

ಹೊಸ ಮನೆ ಕ್ಲಿನಿಕ್ಕಿಗೆ ಹತ್ತಿರವಿತ್ತು, ಎರಡನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಿದರೆ ಎರಡು ಬಾಗಿಲು ಎದುರುಬದುರು. ಒಂದು ಇವರದು, ಇನ್ನೊಂದು ಬಸ್ ಡ್ರೈವರನದು. ಅಡುಗೆಮನೆ ಉದ್ದಕ್ಕೆ ರೈಲಿನ ಡಬ್ಬಿಯ ಹಾಗಿತ್ತು. ಕಿಟಕಿಯ ಕೆಳಗೆ, ಕಟ್ಟೆಗೆ ಸ್ಕ್ರೂ ಹೊಡೆದು ಕೂರಿಸಿದ ಒಂದು ದಪ್ಪ ಮರದ ಹಲಗೆ. ಹಿಂದೆ ಇದ್ದವರು ಅದರ ಮೇಲೆ ಎಷ್ಟು ಹೆಚ್ಚಿದ್ದರೋ, ನಡುವೆ ಅಂಗೈಯಷ್ಟು ಜಾಗ ತಗ್ಗಾಗಿ ನುಣುಪಾಗಿತ್ತು. ದೊಡ್ಡಮ್ಮನಿಗೆ ಹೆಚ್ಚುವ ಶಬ್ದ ಬರುತ್ತಿದ್ದದ್ದು ಆ ಕಡೆಯಿಂದ. ಬೀದಿದೀಪ ಹತ್ತುವ ಹೊತ್ತಿಗೆ ಶುರು, ಒಂದಷ್ಟು ಹೊತ್ತು ನಡೆದು ಥಟ್ಟನೆ ನಿಂತುಬಿಡುತ್ತಿತ್ತು.

ಪುಟ್ಟಿ ಇದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಕಿವುಡು ಕಿವಿ ಸುಮ್ಮನಿರುವುದಿಲ್ಲ, ಹೊರಗಿನದು ಕೇಳದಿದ್ದಾಗ ಒಳಗೇ ಏನಾದರೊಂದು ನುಡಿಸಿಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಒಂದು ದಿನ ದೊಡ್ಡಮ್ಮನನ್ನು ಕ್ಲಿನಿಕ್ಕಿಗೆ ಕರೆದೊಯ್ದು ಮತ್ತೆ ಪರೀಕ್ಷೆ ಮಾಡಿದಳು. ಕಿವಿ ಹೋದ ಸಲಕ್ಕಿಂತ ಹಾಳಾಗಿತ್ತು. ಅದನ್ನೇ ಅರ್ಥವಾಗುವ ಹಾಗೆ ಬಿಡಿಸಿ ಹೇಳಿದಳು. ದೊಡ್ಡಮ್ಮ ಒಪ್ಪಲಿಲ್ಲ.

"ಕಿವಿ ತಾನಾಗಿ ಶಬ್ದ ಮಾಡೋದಾದ್ರೆ ಗಿರಣಿ ಶಬ್ದ ಮಾಡ್ಬೇಕಿತ್ತು. ನಾನು ಹೆಚ್ಚಿದ್ದಾದ್ರೂ ಯಾವಾಗ? ಮನೇಲಿ ಅಡುಗೆ ಎಲ್ಲಾ ನಿಮ್ಮಮ್ಮಂದೇ ಆಗಿತ್ತಲ್ಲ."

ಅದಾದ ಒಂದೆರಡು ದಿನಕ್ಕೆ ಕೆಲಸ ಮುಗಿಸಿ ಮೆಟ್ಟಿಲು ಹತ್ತುವಾಗ ಅವಳ ಮೂಗಿಗೆ ಟೊಮೆಟೊ ಸಿಪ್ಪೆ ಉರಿಯಲ್ಲಿ ಸುಟ್ಟ ವಾಸನೆ ಬಡಿಯಿತು. ಬಾಗಿಲು ತೆರೆದರೆ ವಾಸನೆ ಇನ್ನೂ ಗಾಢವಾಯಿತು. ದೊಡ್ಡಮ್ಮ ಒಲೆ ಹಚ್ಚೇ ಇರಲಿಲ್ಲ. ಒಲೆ ಮುಟ್ಟಿದರೆ ತಣ್ಣಗಿತ್ತು. ಮನೆಯಲ್ಲಿ ಟೊಮೆಟೊ ಕೂಡ ಇರಲಿಲ್ಲ. ಎದುರು ಮನೆಯ ಡ್ರೈವರ್ ಏನೋ ಸೀಯಿಸಿರಬೇಕು ಎಂದುಕೊಂಡು ಪುಟ್ಟಿ ಕಿಟಕಿ ತೆರೆದಳು. ಅಂದು ರಾತ್ರಿ ಪಾತ್ರೆ ತೊಳೆಯುವಾಗ ಅವಳು ಹಲಗೆಗೆ ಬೆನ್ನು ಮಾಡಿ ನಿಲ್ಲಲಿಲ್ಲ. ಯಾಕೆಂದು ತನಗೆ ತಾನೇ ಕೇಳಿಕೊಳ್ಳಲೂ ಇಲ್ಲ.

ವರ್ಷದ ಕೊನೆಯ ರಜೆ ಹತ್ತಿರ ಬಂದಾಗ ಬಸ್ ಡ್ರೈವರ್ ಬಂದು ಬಾಗಿಲು ತಟ್ಟಿದ. ಬಾಗಿಲ ಚೌಕಟ್ಟಿಗೆ ಹೆಗಲು ತಾಗುವಂಥ ಆಳು, ಆದರೆ ಹೊಸ್ತಿಲಿಂದ ಒಂದು ಹೆಜ್ಜೆ ಹಿಂದೆಯೇ ನಿಂತಿದ್ದ. ಒಳಗೆ ಬನ್ನಿ ಎಂದರೂ ಬರಲಿಲ್ಲ. ರಜೆಯ ದಿನ ಸಂಜೆ ಕೆಳಗಿನ ಹಾಲಿನಲ್ಲಿ ಕಟ್ಟಡದವರೆಲ್ಲ ಸೇರುವುದು ವಾಡಿಕೆ ಎಂದ. ಒಬ್ಬೊಬ್ಬರ ಮನೆಯಿಂದ ಒಂದೊಂದು ಬರುತ್ತದೆ. ಕೆಳಗಿನ ಟೈಲರ್ ಮನೆಯಿಂದ ಕೇಕು, ತನ್ನದು ಕುರ್ಚಿ ಮೇಜು ಜೋಡಿಸುವುದು.

"ನಿಮ್ಮ ಮನೇದು ಟೊಮೆಟೊ ಕಾಕ್‌ಟೇಲ್," ಎಂದ.

ಯಾರು ಹೇಳಿದ್ದು ಎಂದು ಪುಟ್ಟಿ ಕೇಳಿದಳು. ಯಾರೂ ಹೇಳಿದ್ದಲ್ಲ, ಈ ಮನೆಯಿಂದ ಬರುವುದು ಅದೇ ಎಂದು ಅವನು ತನ್ನ ಬೂಟಿನ ತುದಿ ನೋಡುತ್ತ ಹೇಳಿದ. ಮನೆಯ ಬಾಡಿಗೆ ಕರಾರಿನಲ್ಲೇ ಅದನ್ನು ಬರೆದಿರುವ ಹಾಗಿತ್ತು ಅವನ ದನಿ. ಅಂಥದ್ದನ್ನು ತಾನು ಕುಡಿದೂ ಇಲ್ಲ, ಮಾಡಿಯೂ ಇಲ್ಲ, ಬೇಕಾದರೆ ಅಂಗಡಿಯಿಂದ ಬಿಸ್ಕತ್ತು ತರುತ್ತೇನೆ ಎಂದು ಪುಟ್ಟಿ ಹೇಳಹೊರಟಳು. ಅಷ್ಟರಲ್ಲಿ ಹಿಂದಿನಿಂದ ದೊಡ್ಡಮ್ಮ, ಅಂದು ಯಂತ್ರ ಹಾಕಿಕೊಂಡೇ ಇದ್ದವಳು, ಮಾಡ್ತೀವಿ ಮಾಡ್ತೀವಿ, ಅದಕ್ಕೇನಂತೆ ಎಂದುಬಿಟ್ಟಳು. ಡ್ರೈವರನ ಮುಖ ಸಡಿಲವಾಯಿತು. ತಲೆ ಆಡಿಸಿ ತನ್ನ ಬಾಗಿಲೊಳಗೆ ಹೋದ.

ಒಪ್ಪಿಕೊಂಡದ್ದು ದೊಡ್ಡಮ್ಮ, ತಲೆಬಿಸಿ ಪುಟ್ಟಿಗೆ. ಮಾಡುವ ಬಗೆಯನ್ನಾದರೂ ಕೇಳೋಣವೆಂದು ರಜೆಯ ಹಿಂದಿನ ದಿನ ಅವಳು ಡ್ರೈವರನನ್ನು ಮೆಟ್ಟಿಲ ಮೇಲೆ ಹಿಡಿದಳು. ಅವನು ಕೆಲಸ ಮುಗಿಸಿ ಬರುತ್ತಿದ್ದ. ಮೆಟ್ಟಿಲ ತಿರುವಿನಲ್ಲಿ ಇಬ್ಬರೂ ನಿಂತರು.

ಹಿಂದೆ ಆ ಮನೆಯಲ್ಲಿದ್ದವಳು ಶಾಲೆಯೊಂದರಲ್ಲಿ ಡ್ರಿಲ್ ಹೇಳಿಕೊಟ್ಟು ನಿವೃತ್ತಿಯಾದವಳಂತೆ. ಒಂಟಿ ಹೆಂಗಸು. ಕಟ್ಟಡದವರೆಲ್ಲ ಡ್ರಿಲ್ಲಕ್ಕ ಎನ್ನುತ್ತಿದ್ದರು. ಅವಳಿಗೆ ಎಲ್ಲರೂ ಇನ್ನೂ ಮೈದಾನದಲ್ಲಿ ಸಾಲಾಗಿ ನಿಂತಿರುವ ಮಕ್ಕಳೇ. ಸೈಕಲ್ ಇಲ್ಲಿಡಬೇಡ, ಬೆನ್ನು ನೆಟ್ಟಗೆ ಮಾಡು, ಅಂಗಿಯ ಗುಂಡಿ ಹಾಕು. ಅವಳ ಮಾತನ್ನು ಒಬ್ಬರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಡ್ರೈವರ್ ಅಂತೂ ಬೇಕೆಂದೇ ಮೇಲಿನ ಗುಂಡಿ ಬಿಚ್ಚಿ ಅವಳೆದುರು ಓಡಾಡುತ್ತಿದ್ದ. ಆದರೆ ವರ್ಷಕ್ಕೊಮ್ಮೆ ಅವಳು ತರುತ್ತಿದ್ದ ಆ ಕೆಂಪು ಹೂಜಿಗೆ ಎಲ್ಲರೂ ಕಾಯುತ್ತಿದ್ದರು. ಖಾರ, ಹುಳಿ, ತಣ್ಣಗೆ. ಬೇಕಾದವರು ತಮ್ಮ ಬಾಟಲಿಯಿಂದ ಒಂದು ತೊಟ್ಟು ಸೇರಿಸಿಕೊಳ್ಳುವರು, ಬೇಡದವರು ಹಾಗೇ ಕುಡಿಯುವರು. ಹೇಗೆ ಮಾಡುತ್ತಿದ್ದಳೆಂದು ಯಾರಿಗೂ ಗೊತ್ತಿಲ್ಲ. ಮಾಡುವಾಗ ಅಡುಗೆಮನೆಗೆ ಯಾರನ್ನೂ ಬಿಟ್ಟುಕೊಳ್ಳುತ್ತಿರಲಿಲ್ಲ.

ಇಲ್ಲಿಗೆ ಡ್ರೈವರ್ ನಿಲ್ಲಿಸಿದ. ಕೈಯಲ್ಲಿದ್ದ ಬೀಗದ ಕೈಯನ್ನು ಹಿಂದೆ ಮುಂದೆ ತಿರುಗಿಸಿದ. ಆಮೇಲೆ ಹೇಳಿದ. ಹೋದ ವರ್ಷ ರಜೆಯ ದಿನ ಎಲ್ಲರೂ ಕೆಳಗೆ ಸೇರಿದ್ದರು. ಹೂಜಿ ಬರಲಿಲ್ಲ. ಡ್ರಿಲ್ಲಕ್ಕ ಈ ಸಲ ತಾನೇ ಲೇಟು, ಬರಲಿ, ಮೈದಾನ ಸುತ್ತಿಸೋಣ ಎಂದು ನಗಾಡಿದರು. ಕೇಕು ತಿಂದರು. ಹಾಡಿದರು.

"ನಾನು ಬರೋತನಕ ಯಾರೂ ಮೇಲೆ ಕಾಲಿಡ್ಕೂಡ್ದು ಅಂದಿದ್ಲು," ಎಂದ ಡ್ರೈವರ್. "ಜನ್ಮದಲ್ಲಿ ಅವಳ ಒಂದು ಮಾತು ಕೇಳ್ದೋರಲ್ಲ ನಾವು. ಅವತ್ತು ಕೇಳಿದ್ವಿ."

ಕೊನೆಗೆ ಮೇಲೆ ಹೋದದ್ದು ಅವನೇ. ಅಡುಗೆಮನೆಯ ನೆಲದ ಮೇಲೆ ಅವಳು ಮಗ್ಗುಲಾಗಿ ಮಲಗಿದ್ದಳು, ಏನೋ ಬಗ್ಗಿ ಹೆಕ್ಕುವವಳ ಹಾಗೆ. ಹೂಜಿ ಕಟ್ಟೆಯ ಮೇಲಿತ್ತು, ಬಾಯಿತನಕ ತುಂಬಿ, ಐಸು ಕರಗಿ. ಕಲಕುವ ಉದ್ದ ಚಮಚ ಅವಳ ಕೈಯಳತೆಯಲ್ಲಿ ನೆಲಕ್ಕೆ ಬಿದ್ದಿತ್ತು. ಹೃದಯ ನಿಂತುಹೋಗಿದೆ, ಅವಳಿಗೆ ಗೊತ್ತೂ ಆಗಿರಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದರಂತೆ. ಆವತ್ತಿನಿಂದ ಡ್ರೈವರ್ ಆ ಹೊಸ್ತಿಲು ದಾಟಿಲ್ಲ.

ಪುಟ್ಟಿ ಇದನ್ನು ದೊಡ್ಡಮ್ಮನಿಗೆ ಹೇಳಲಿಲ್ಲ. ಡ್ರಿಲ್ ಟೀಚರ್ ಒಬ್ಬರಿದ್ದರಂತೆ, ತೀರಿಕೊಂಡರಂತೆ ಎಂದಷ್ಟೇ ಹೇಳಿದಳು. ಆ ರಾತ್ರಿ ನಿದ್ದೆ ಹತ್ತಲು ಬಹಳ ಹೊತ್ತು ಹಿಡಿಯಿತು. ಗೋಡೆಯಾಚೆ ದೊಡ್ಡಮ್ಮನ ಗೊರಕೆ ಕೇಳುತ್ತಿರುವಷ್ಟು ಹೊತ್ತು ಧೈರ್ಯ, ಅದು ನಿಂತರೆ ಎದ್ದು ಕೂತು ಮತ್ತೆ ಶುರುವಾಗಲೆಂದು ಕಾಯುವಳು.

ರಜೆಯ ದಿನ ಬೆಳಿಗ್ಗೆ ಇಬ್ಬರೂ ಮಾರುಕಟ್ಟೆಗೆ ಹೋಗಿ ಚೀಲ ತುಂಬ ಟೊಮೆಟೊ ತಂದರು. ದೊಡ್ಡಮ್ಮ ಒಂದೊಂದನ್ನೂ ಮೂಗಿಗೆ ಹಿಡಿದು, ತೊಟ್ಟಿನ ಹತ್ತಿರ ಮೂಸಿ, ಅಂಗಡಿಯವನ ತಾಳ್ಮೆ ಪರೀಕ್ಷಿಸಿ ಆರಿಸಿದಳು. ಬೇರೆ ಏನು ಬೇಕೆಂದು ತಿಳಿಯದೆ ಪುಟ್ಟಿ ಕೈಗೆ ಸಿಕ್ಕಿದ್ದನ್ನೆಲ್ಲ ಕೊಂಡಳು: ನಿಂಬೆಹಣ್ಣು, ಈರುಳ್ಳಿ, ಸೌತೆಕಾಯಿ, ಸೆಲರಿ ದಂಟು, ಕರಿಮೆಣಸು, ಹಸಿಮೆಣಸು, ಒಂದು ಬಾಟಲಿ ವಿನೆಗರ್. ಮಧ್ಯಾಹ್ನ ಊಟವಾದ ಮೇಲೆ ಎಲ್ಲವನ್ನೂ ತೊಳೆದು ಹರವಿಟ್ಟಳು. ಇನ್ನು ಮುಂದೇನು ಎಂದು ಸೊಂಟಕ್ಕೆ ಕೈಯಿಟ್ಟು ನಿಂತಳು. ಮಿಕ್ಸಿಗೆ ಹಾಕಿ ಗರ್ ಅನಿಸಿ ಸೋಸಿದರೆ ಮುಗಿಯಿತಲ್ಲ ಎಂಬ ಯೋಚನೆಯೂ ಬಂತು.

ಬೀದಿದೀಪ ಹತ್ತುವ ಹೊತ್ತಾಯಿತು. ದೊಡ್ಡಮ್ಮ ಅಡುಗೆಮನೆಗೆ ಒಂದು ಕುರ್ಚಿ ಎಳೆದುಕೊಂಡು ಬಂದು, ಬಾಗಿಲ ಪಕ್ಕ ಹಾಕಿ ಕೂತು, ಎರಡೂ ಕಿವಿಯ ಯಂತ್ರ ತೆಗೆದು ಮಡಿಲಲ್ಲಿಟ್ಟುಕೊಂಡಳು. ಮಿಕ್ಸಿಯ ಕಡೆ ಕೈ ಹಾಕಿದ್ದ ಪುಟ್ಟಿಗೆ ಬೇಡವೆಂದು ಸನ್ನೆ ಮಾಡಿದಳು.

"ಇರು. ಶುರು ಮಾಡ್ತಾಳೆ ಈಗ."

ಪುಟ್ಟಿಯ ಕೈ ಅಲ್ಲೇ ನಿಂತಿತು. ಯಾರು ಎಂದು ಅವಳು ಕೇಳಲಿಲ್ಲ; ಕೇಳಿದ್ದರೆ ದೊಡ್ಡಮ್ಮನಿಗೆ ಕೇಳಿಸುತ್ತಲೂ ಇರಲಿಲ್ಲ. ದೊಡ್ಡಮ್ಮ ಕತ್ತು ಒಂದಿಷ್ಟು ವಾರೆ ಮಾಡಿದ್ದಳು, ಪಕ್ಕದ ಕೋಣೆಯಲ್ಲಿ ನಡೆಯುವ ಮಾತನ್ನು ಕದ್ದು ಕೇಳುವವರ ಹಾಗೆ.

"ಒಲೆ ಹಚ್ಚಿದ್ಲು," ಎಂದಳು. "ಸಿಪ್ಪೆ ಚಟಚಟ ಅಂತಿದೆ. ಸುಡ್ತಿದಾಳೆ ಟೊಮೆಟೊನ. ನೀನೂ ಸುಡು."

ಪುಟ್ಟಿ ಒಲೆ ಹಚ್ಚಿದಳು. ಇಕ್ಕಳದಲ್ಲಿ ಟೊಮೆಟೊ ಹಿಡಿದು ಉರಿಗೆ ಒಡ್ಡಿದಳು. ಸಿಪ್ಪೆ ಸುಕ್ಕಿ, ಕಪ್ಪಾಗಿ, ಸೀಳಿ, ಅದೇ ವಾಸನೆ ಎದ್ದಿತು. ಎಲ್ಲವನ್ನೂ ಸುಡಬೇಕೇ ಎಂದು ತುಟಿ ಬಿಡಿಸಿ ಕೇಳಿದರೆ ದೊಡ್ಡಮ್ಮ ಒಂದು ಗಳಿಗೆ ಆಲಿಸಿ, ಇಲ್ಲ, ನಿಲ್ಲಿಸಿದಳು, ಅರ್ಧ ಹಸಿಯದೇ ಇರಲಿ ಎಂದಳು. ಆಮೇಲೆ ಹೆಚ್ಚುವುದು. ಪುಟ್ಟಿ ಹಲಗೆಯ ಮುಂದೆ ನಿಂತು ಕತ್ತಿ ಹಿಡಿದಳು. ಅವಳು ಹೆಚ್ಚುವುದು ಒರಟೊರಟು, ಕ್ಲಿನಿಕ್ಕಿಗೆ ಹೊರಡುವ ಅವಸರದಲ್ಲಿ ಕಲಿತದ್ದು. ದೊಡ್ಡಮ್ಮ ಒಪ್ಪಲಿಲ್ಲ. ಇನ್ನೂ ಸಣ್ಣ, ಇನ್ನೂ ಬೇಗ ಎಂದು ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿ ತೋರಿಸಿದಳು. ಟಕಟಕ ಟಕಟಕ, ಒಂದು ನಿಲುಗಡೆ, ಮತ್ತೆ ಟಕಟಕ. ಆ ತಾಳಕ್ಕೆ ಪುಟ್ಟಿಯ ಕೈ ನಿಧಾನಕ್ಕೆ ಹೊಂದಿಕೊಂಡಿತು. ಸುಟ್ಟದ್ದು, ಹಸಿಯದು, ಈರುಳ್ಳಿ, ಸೌತೆ ಎಲ್ಲವೂ ಹಲಗೆಯ ತಗ್ಗಿನಲ್ಲಿ ಸೇರಿ ಕೆಂಪಗೆ ನೀರು ಬಿಟ್ಟವು. ಕತ್ತಿ ಏಳುವಾಗ ಬೀಳುವಾಗ, ತಾನು ಮಾಡುವ ಶಬ್ದದ ಕೆಳಗೆ ಇನ್ನೊಂದು ಶಬ್ದವಿದೆಯೇ ಎಂದು ಅವಳು ಕಿವಿಯಾದಳು. ಏನೂ ಇರಲಿಲ್ಲ. ಅವಳದು ಇಡೀ ಕ್ಲಿನಿಕ್ಕಿನಲ್ಲೇ ಚುರುಕಾದ ಕಿವಿ. ಅದಕ್ಕೆ ಕೇಳಿಸದ್ದು, ಗಿರಣಿ ತಿಂದು ಬಿಟ್ಟ ಕಿವಿಗೆ ಕೇಳಿಸುತ್ತಿತ್ತು.

"ಮೆಣಸು ಕುಟ್ತಿದಾಳೆ. ಜಾಸ್ತಿ ಇಲ್ಲ, ನಾಕೇಟು... ಸಾಕು. ಈಗ ಏನೋ ಕರಕರ ಅಂತಿದೆ. ಮುರೀತಿದಾಳೆ."

ಪುಟ್ಟಿ ಸೆಲರಿ ದಂಟು ಎತ್ತಿ ತನ್ನ ಕಿವಿಯ ಹತ್ತಿರ ಹಿಡಿದು ಮುರಿದಳು. ಕರಕ್ ಎಂದಿತು. ದೊಡ್ಡಮ್ಮನಿಗೆ ಅದು ಕೇಳಲಿಲ್ಲ, ಪುಟ್ಟಿ ಮುರಿದದ್ದನ್ನು ಕಣ್ಣಲ್ಲಿ ನೋಡಿ, ಅದೇ ಇರಬೇಕು ಹಾಕು ಎಂದಳು.

ಬಟ್ಟೆಯಲ್ಲಿ ಹಿಂಡಿ ಸೋಸುವುದನ್ನು ದೊಡ್ಡಮ್ಮ ತೊಟ್ಟಿಕ್ಕುವ ಶಬ್ದದಿಂದ ಪತ್ತೆ ಮಾಡಿದಳು. ಒಂದು ಬಾಟಲಿಯ ಬಿರಡೆ ತೆಗೆದದ್ದನ್ನೂ ಹೇಳಿದಳು. ಪುಟ್ಟಿ ವಿನೆಗರ್ ಸುರಿದಳು, ಸುರಿಯುವುದು ಎಲ್ಲಿಯವರೆಗೆ ಎಂದು ದೊಡ್ಡಮ್ಮನ ಎತ್ತಿದ ಬೆರಳನ್ನು ನೋಡುತ್ತ. ಬೆರಳು ಇಳಿಯಿತು, ನಿಲ್ಲಿಸಿದಳು. ಬಳಿಕ ಐಸು. ಗಾಜಿನ ಹೂಜಿಗೆ ತುಂಡುಗಳು ಬಿದ್ದ ಹಾಗೆಲ್ಲ ದೊಡ್ಡಮ್ಮ ಕಣ್ಣು ಪಿಳುಕಿಸುತ್ತಿದ್ದಳು. ಪುಟ್ಟಿ ಹಾಕಿದ ಐಸಿಗಲ್ಲ. ಅವಳು ಹಾಕುವ ಮೊದಲೇ ಪಿಳುಕಿಸುತ್ತಿದ್ದಳು.

"ಕಲಕ್ತಿದಾಳೆ," ಎಂದಳು ದೊಡ್ಡಮ್ಮ. ದನಿ ಇಳಿದಿತ್ತು. "ಉದ್ದ ಚಮಚ. ಗಾಜಿಗೆ ತಾಗ್ತಿದೆ."

ಪುಟ್ಟಿಯೂ ಚಮಚ ಹಾಕಿ ಕಲಕತೊಡಗಿದಳು. ಮುಂದೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು, ದೊಡ್ಡಮ್ಮನಿಗೆ ಹೇಳಿರಲಿಲ್ಲ. ಗೊತ್ತಿದ್ದೂ ಕೈ ನಿಲ್ಲಿಸಲು ಆಗಲಿಲ್ಲ. ಕೆಂಪು ರಸ ಹೂಜಿಯಲ್ಲಿ ಸುತ್ತುತ್ತಿತ್ತು, ಐಸು ಗಾಜಿಗೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು. ಕೆಳಗಿನ ಹಾಲಿನಲ್ಲಿ ಡ್ರೈವರ್ ಕುರ್ಚಿ ಎಳೆಯುವ ಸದ್ದು ಮೆಟ್ಟಿಲೇರಿ ಬರುತ್ತಿತ್ತು. ದೊಡ್ಡಮ್ಮ ಇದ್ದಕ್ಕಿದ್ದಂತೆ ಕುರ್ಚಿಯಲ್ಲಿ ಬೆಚ್ಚಿ ಕಾಲು ಹಿಂದೆ ಎಳೆದುಕೊಂಡಳು, ಪಾದದ ಹತ್ತಿರ ಏನೋ ಬಿದ್ದ ಹಾಗೆ.

"ಬಿತ್ತು," ಎಂದಳು.

ಪುಟ್ಟಿ ಅವಳ ಮುಂದೆ ಬಗ್ಗಿ, ತುಟಿ ಕಾಣುವ ಹಾಗೆ ಮುಖ ತಂದು, ಆಮೇಲೆ ಎಂದು ಕೇಳಿದಳು.

"ಆಮೇಲೇನೂ ಇಲ್ಲ. ದಿನಾ ಇಷ್ಟೇ. ಇಲ್ಲಿಗೇ ಬಿಟ್ಟುಬಿಡ್ತಾಳೆ." ದೊಡ್ಡಮ್ಮ ನೆಲ ನೋಡಿದಳು. "ಯಾಕೆ ಬಿಡ್ತಾಳೋ. ಇಷ್ಟೆಲ್ಲಾ ಮಾಡಿ."

ಆಗ ಪುಟ್ಟಿ ಹೇಳಿದಳು. ಯಂತ್ರಗಳನ್ನು ದೊಡ್ಡಮ್ಮನ ಕಿವಿಗೆ ತಾನೇ ಸಿಕ್ಕಿಸಿ, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಡ್ರೈವರ್ ಹೇಳಿದ್ದನ್ನೆಲ್ಲ ಹೇಳಿದಳು. ದೊಡ್ಡಮ್ಮ ಅಡ್ಡ ಮಾತಾಡದೆ ಕೇಳಿದಳು. ಹೆದರಿದ ಹಾಗೆ ಕಾಣಲಿಲ್ಲ. ಗಿರಣಿಯಲ್ಲಿ ಜೊತೆಗಾರ್ತಿಯೊಬ್ಬಳು ಮಗ್ಗದ ಮುಂದೆಯೇ ಕುಸಿದು ಸತ್ತದ್ದನ್ನು, ಅವಳ ಮಗ್ಗ ಯಾರೂ ನಿಲ್ಲಿಸದೆ ನಡೆಯುತ್ತಲೇ ಇದ್ದದ್ದನ್ನು ನೆನೆಸಿಕೊಂಡಳು. ಅದನ್ನು ಅವಳು ಹಿಂದೆಂದೂ ಹೇಳಿರಲಿಲ್ಲ.

ಆಮೇಲೆ ಎದ್ದು ಬಂದು ಹೂಜಿಯೊಳಗೆ ಬೆರಳು ಅದ್ದಿ ನಾಲಗೆಗೆ ಹಚ್ಚಿದಳು. "ಉಪ್ಪಿಲ್ಲ. ನಿಂಬೆ ಇಲ್ಲ. ಸಪ್ಪೆ. ಹಾಕೋಕೆ ಮೊದ್ಲೇ ಹೋಗ್ಬಿಟ್ಲು."

ಎಷ್ಟು ಹಾಕಬೇಕೆಂದು ಹೇಳುವವರು ಇರಲಿಲ್ಲ. ಪುಟ್ಟಿ ಉಪ್ಪು ಹಾಕಿದಳು, ದೊಡ್ಡಮ್ಮ ಇನ್ನಷ್ಟು ಎಂದಳು. ಪುಟ್ಟಿ ನಿಂಬೆ ಹಿಂಡಿದಳು, ದೊಡ್ಡಮ್ಮ ಸಾಕು ಎನ್ನುವುದರೊಳಗೆ ಇನ್ನೊಂದು ಹಿಂಡಿದಳು. ಇಬ್ಬರಿಗೂ ಸಣ್ಣ ಜಗಳವೇ ಆಯಿತು. ಕೊನೆಗೊಮ್ಮೆ ಕಲಕಲೆಂದು ಪುಟ್ಟಿ ಕೈ ಚಾಚಿದಳು. ಅಷ್ಟೂ ಹೊತ್ತು ಐಸಿನ ರಸದಲ್ಲೇ ಮುಳುಗಿ ನಿಂತಿದ್ದ ಸ್ಟೀಲಿನ ಚಮಚ ಅದು. ಹಿಡಿ ಬೆಚ್ಚಗಿತ್ತು. ಆಗಷ್ಟೇ ಯಾರೋ ಕೈಬಿಟ್ಟ ಬಿಸುಪು. ಪುಟ್ಟಿ ಅದನ್ನು ಬಿಡಲಿಲ್ಲ. ಬೀಳಿಸಬಾರದು ಎಂಬುದೊಂದೇ ತಲೆಯಲ್ಲಿತ್ತು. ಬಿಗಿಯಾಗಿ ಹಿಡಿದು ಪೂರ್ತಿ ಕಲಕಿ, ಚಮಚವನ್ನು ಮೆಲ್ಲಗೆ, ಶಬ್ದವಾಗದಂತೆ, ತಟ್ಟೆಯ ಮೇಲೆ ಇಟ್ಟಳು.

ಹೂಜಿಯ ಬಾಯಿಗೆ ಸೆಲರಿ ಎಲೆ ಸಿಕ್ಕಿಸಿ, ಅಂಚಿಗೆ ನಿಂಬೆಯ ಬಿಲ್ಲೆ ಕೂರಿಸಿ, ಇಬ್ಬರೂ ಬಟ್ಟೆ ಬದಲಿಸಿ ಹೊರಟರು. ದೊಡ್ಡಮ್ಮ ಬಾಗಿಲು ತೆರೆದು ಹಿಡಿದಳು. ಎರಡೂ ಕೈಯಲ್ಲಿ ಹೂಜಿ ಹೊತ್ತ ಪುಟ್ಟಿ ಹೊಸ್ತಿಲು ದಾಟಬೇಕು, ಅಷ್ಟರಲ್ಲಿ ದೊಡ್ಡಮ್ಮ ತೋಳು ಅಡ್ಡ ಹಾಕಿದಳು. ಇನ್ನೊಂದು ಕೈಯಿಂದ ಕಿವಿಯ ಯಂತ್ರ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

"ಇರು. ಅವಳು ಮೊದ್ಲು ಇಳೀಲಿ."

ಇಬ್ಬರೂ ಬಾಗಿಲಲ್ಲೇ ನಿಂತರು. ಮೆಟ್ಟಿಲು ಖಾಲಿ. ತಿರುವಿನ ಬಲ್ಬು ಸುಮ್ಮನೆ ಉರಿಯುತ್ತಿತ್ತು. ದೊಡ್ಡಮ್ಮನ ಕಣ್ಣು ಒಂದೊಂದೇ ಮೆಟ್ಟಿಲು ಇಳಿಯುತ್ತ ಹೋಯಿತು, ತಿರುವಿನವರೆಗೆ. ಆಮೇಲೆ ತೋಳು ತೆಗೆದಳು.

ಕೆಳಗೆ ಹಾಲಿನಲ್ಲಿ ನಗು, ಮಾತು, ತಟ್ಟೆಯ ಸದ್ದು ಎಲ್ಲವೂ ಜೋರಾಗಿ ಇತ್ತು. ಇವರು ಇನ್ನೂ ತಿರುವಿಗೆ ಬರುವ ಮೊದಲೇ ಅದು ನಿಂತಿತು. ಕುರ್ಚಿಗಳು ಒಟ್ಟಿಗೆ ಹಿಂದೆ ಸರಿದ ಸದ್ದಾಯಿತು. ತಿರುವು ದಾಟಿ ನೋಡಿದರೆ ಕಟ್ಟಡದವರೆಲ್ಲ ಎದ್ದು ನಿಂತಿದ್ದರು. ಇವರನ್ನಲ್ಲ, ಇವರಿಗಿಂತ ಮುಂದಿನ, ಏನೂ ಇಲ್ಲದ ಮೆಟ್ಟಿಲುಗಳನ್ನು ನೋಡುತ್ತಿದ್ದರು. ಯಾಕೆ ಎದ್ದಿರಿ ಎಂದು ಆಮೇಲೆ ಕೇಳಿದರೆ ಒಬ್ಬರಿಗೂ ಹೇಳಲು ಗೊತ್ತಾಗಲಿಲ್ಲ. ಡ್ರೈವರ್ ಮಾತ್ರ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದ. ಬೆರಳು ದಪ್ಪ, ಗುಂಡಿ ಸಣ್ಣದು; ತಡವರಿಸುತ್ತಿದ್ದ.

ಲೋಟಗಳಿಗೆ ಕೆಂಪು ತುಂಬಿತು. ಯಾರೂ ಬಾಟಲಿಯ ಕಡೆ ಕೈ ಹಾಕಲಿಲ್ಲ. ಮೊದಲ ಗುಟುಕನ್ನು ಹಾಗೇ ಕುಡಿದರು. ಟೈಲರ್ ತನ್ನ ಲೋಟವನ್ನು ಬೆಳಕಿಗೆ ಹಿಡಿದು ನೋಡಿದ. ಅವನ ಅತ್ತೆ, ಹಲ್ಲಿಲ್ಲದ ಮುದುಕಿ, ಚಪ್ಪರಿಸಿ, ಉಪ್ಪು ಜಾಸ್ತಿ ಆಯ್ತು, ಅವಳದು ಇಷ್ಟು ಉಪ್ಪಿರುತ್ತಿರಲಿಲ್ಲ ಎಂದಳು. ಉಪ್ಪಲ್ಲ, ಹುಳಿ ಎಂದ ಟೈಲರ್. ಡ್ರಿಲ್ಲಕ್ಕ ಸೆಲರಿ ಹಾಕುತ್ತಲೇ ಇರಲಿಲ್ಲ ಎಂದು ಒಬ್ಬರು, ಸೆಲರಿ ಇಲ್ಲದೆ ಮತ್ತೇನು ನಿಮ್ಮ ತಲೆ ಹಾಕುತ್ತಿದ್ದಳೇ ಎಂದು ಇನ್ನೊಬ್ಬರು. ಅತ್ತೆ ಅಳಿಯನ ಜಗಳ ಹತ್ತಿಕೊಂಡಿತು. ಡ್ರಿಲ್ಲಕ್ಕನ ಹೆಸರು ಆ ಹಾಲಿನಲ್ಲಿ ಒಂದು ವರ್ಷದಿಂದ ಯಾರ ಬಾಯಲ್ಲೂ ಬಂದಿರಲಿಲ್ಲವಂತೆ. ಈಗ ಒಬ್ಬರ ಮಾತು ಇನ್ನೊಬ್ಬರು ಕಸಿದುಕೊಂಡು ಹೇಳತೊಡಗಿದರು. ಅವಳು ಸೈಕಲ್ಲುಗಳಿಗೆ ಸಾಲು ಹಿಡಿಸಿದ್ದು, ಟೈಲರನಿಗೆ ಬೆನ್ನುನೋವಿಗೆಂದು ಕಸರತ್ತು ಕಲಿಸಿ ಅವನು ವಾರವಿಡೀ ಏಳಲಾಗದೆ ಮಲಗಿದ್ದು. ನಗುವವರು ನಗುತ್ತಲೇ ಕಣ್ಣು ಒರೆಸಿಕೊಂಡರು. ಡ್ರೈವರ್ ಮಾತ್ರ ಎರಡನೇ ಲೋಟವನ್ನೂ ಕುಡಿದು ಗೋಡೆಗೆ ಒರಗಿ ಕೂತಿದ್ದ, ಕತ್ತಿನವರೆಗೆ ಗುಂಡಿ ಹಾಕಿಕೊಂಡು, ಉಸಿರು ಕಟ್ಟುವ ಹಾಗೆ.

ಮಾರನೆಯ ದಿನ ಅವನು ಹೂಜಿ ತೊಳೆದು ತಂದ. ಹೊಸ್ತಿಲಾಚೆ ನಿಂತು ಚಾಚಿದ. ದೊಡ್ಡಮ್ಮ ತೆಗೆದುಕೊಳ್ಳಲಿಲ್ಲ, ಒಳಗೆ ತಂದಿಡು ಎಂದಳು. ಅವನು ಹೂಜಿಯನ್ನೂ ಹೊಸ್ತಿಲನ್ನೂ ನೋಡಿದ. ಆಮೇಲೆ ಬೂಟು ಬಿಚ್ಚಿ ಒಳಗೆ ಬಂದು, ಅಡುಗೆಮನೆಯ ಕಟ್ಟೆಯ ಮೇಲೆ ಹೂಜಿಯಿಟ್ಟು, ಹಲಗೆಯ ತಗ್ಗಿನಲ್ಲಿ ಅಂಗೈ ಇಟ್ಟು ನಿಂತ. ಪುಟ್ಟಿ ಅವನನ್ನು ಅಲ್ಲೇ ಬಿಟ್ಟು ಹೊರಗಿನ ಕೋಣೆಗೆ ಹೋದಳು. ತುಂಬ ಹೊತ್ತಿನ ಮೇಲೆ ಅವನು ಬಂದು ಟೀ ಕುಡಿದು ಹೋದ.

ಅಂದಿನಿಂದ ಅಡುಗೆಮನೆ ಸುಮ್ಮನಾಯಿತು. ಬೀದಿದೀಪ ಹತ್ತುವ ಹೊತ್ತಿಗೆ ದೊಡ್ಡಮ್ಮ ಯಂತ್ರ ತೆಗೆದು ಕುರ್ಚಿ ಹಾಕಿಕೊಂಡು ಕೂರುವುದು, ಕತ್ತು ವಾರೆ ಮಾಡುವುದು, ಕತ್ತಲಾದ ಮೇಲೆ ಎದ್ದು ಬರುವುದು. ಎಷ್ಟೋ ದಿನ ಹೀಗೇ ನಡೆಯಿತು. ಹೋದಳೇ ಎಂದು ಪುಟ್ಟಿ ಕೇಳಿದರೆ ಹೋದಳು ಎಂದಷ್ಟೇ ಹೇಳಿದಳು. ಪುಟ್ಟಿಗೆ ಮೊದಲು ನಿರಾಳವೆನಿಸಿತು. ಹಲಗೆಗೆ ಬೆನ್ನು ಮಾಡಿ ಪಾತ್ರೆ ತೊಳೆದಳು, ದೀಪವಾರಿಸಿ ಮಲಗಿದಳು. ಆಮೇಲೆ ಗಮನಿಸಿದಳು: ದೊಡ್ಡಮ್ಮನ ಮಾತು ಕಡಿಮೆಯಾಗಿತ್ತು. ಬೆಳಿಗ್ಗೆ ಒಂದಷ್ಟು ಆಡಿದರೆ ಆಡಿದಳು. ಸಂಜೆಗೆ ಏನೂ ಇಲ್ಲ.

"ಯಂತ್ರ ಹಾಕ್ಕೊಂಡ್ರೆ ಎಲ್ಲಾ ತಗಡು ಬಡ್ದ ಹಾಗೆ," ಎಂದು ಒಂದು ದಿನ ತಾನಾಗಿಯೇ ಹೇಳ ಹೊರಟಳು. "ಅದೊಂದು ಮಾತ್ರ ಹಾಗಿರ್ಲಿಲ್ಲ ಮರಿ. ಹಿಂದಿನ ಹಾಗೇ ಕೇಳ್ತಿತ್ತು. ಪಕ್ಕದಲ್ಲಿ ಯಾರೋ ಕೆಲಸ ಮಾಡ್ಕೊಂಡು ಇದ್ದಾರೆ ಅನ್ನೋ ಹಾಗೆ."

ಪುಟ್ಟಿ ಅಂದು ರಾತ್ರಿಯೂ ಎಂದಿನಂತೆ ಸುಮ್ಮನೆ ಉಂಡು ಎದ್ದಳು. ಆದರೆ ಮರುದಿನ ಕ್ಲಿನಿಕ್ಕಿನ ಗಾಜಿನ ಹಿಂದೆ ಕೂತಾಗ, ಆಚೆ ಹೆಡ್‌ಫೋನ್ ಹಾಕಿಕೊಂಡವರ ಮುಖದಲ್ಲಿ ದೊಡ್ಡಮ್ಮನ ವಾರೆ ಕತ್ತೇ ಕಾಣುತ್ತಿತ್ತು. ಸಂಜೆ ಮನೆಗೆ ಬಂದಳು. ದೀಪ ಹಾಕಿರಲಿಲ್ಲ. ದೊಡ್ಡಮ್ಮ ಕುರ್ಚಿಯಲ್ಲಿದ್ದಳು, ಬರಿಯ ಕಿವಿಯಲ್ಲಿ, ಏನೂ ಇಲ್ಲದ ಅಡುಗೆಮನೆಯನ್ನು ನೋಡುತ್ತ. ಪುಟ್ಟಿಗೆ ಚೀಲ ಇಳಿಸಲೂ ಮನಸ್ಸಾಗಲಿಲ್ಲ. ದೀಪ ಹಾಕಿ, ಡಬ್ಬಿಯಿಂದ ಯಂತ್ರಗಳನ್ನು ತೆಗೆದು ಅಂಗೈಯಲ್ಲಿ ಬೆಚ್ಚಗೆ ಮಾಡಿ ದೊಡ್ಡಮ್ಮನ ಕಿವಿಗಿಟ್ಟಳು. ಇನ್ನೊಂದು ಕುರ್ಚಿ ಎಳೆದು ಎದುರು ಕೂತಳು.

"ಇವತ್ತೊಬ್ಬ ಬಂದಿದ್ದ," ಎಂದಳು. ಎಲ್ಲಿಂದ ಶುರು ಮಾಡಬೇಕೆಂದು ಅವಳಿಗೇ ಸರಿಯಾಗಿ ತಿಳಿದಿರಲಿಲ್ಲ. "ಹೆಂಡತಿ ಮಾತು ಒಂದೂ ಕೇಳಿಸ್ತಿಲ್ಲ ಅಂತ. ನೋಡಿದ್ರೆ ಕಿವಿಗೆ ಏನೂ ಆಗಿಲ್ಲ, ಕಲ್ಲುಗುಂಡಿನ ಹಾಗಿದೆ."

ದೊಡ್ಡಮ್ಮ ಅವಳ ತುಟಿಯನ್ನೇ ನೋಡುತ್ತಿದ್ದಳು. "ಹೆಂಡತಿಗೆ ಹೇಳಿದ್ಯಾ?"

"ಹೊರಗೇ ಕೂತಿದ್ಲು."

"ಹೇಳ್ಬಾರ್ದಿತ್ತು," ಎಂದಳು ದೊಡ್ಡಮ್ಮ, ಕುರ್ಚಿಯನ್ನು ಒಂದಿಷ್ಟು ಮುಂದಕ್ಕೆ ಎಳೆದುಕೊಂಡು. "ಆಮೇಲೆ?"

ಪುಟ್ಟಿ ಹೇಳುತ್ತ ಹೋದಳು. ನಡುವೆ ಒಂದೆರಡು ಸಲ ಅವಳ ಮಾತು ತಾನಾಗಿ ನಿಂತು, ಕಣ್ಣು ಹಲಗೆಯ ಕಡೆ ಹೊರಳಿತು. ದೊಡ್ಡಮ್ಮನೂ ಆ ಕಡೆ ತಿರುಗಿದಳು. ಇಬ್ಬರೂ ಕಾದರು. ಆಮೇಲೆ ಪುಟ್ಟಿ ಬಿಟ್ಟಲ್ಲಿಂದ ಮತ್ತೆ ಹಿಡಿದಳು.